ಕೊಳೆತು ಲಡ್ಡು ಹಿಡಿದ ಮರದಲ್ಲಿ ಭಾರಲೋಹ ಎಷ್ಟಿದೆ? ಅಳೆಯುವುದು ಹೀಗೆ

ಶಿಲೀಂಧ್ರ ಹತ್ತಿದ ಮರದ ಕಾಂಡದಿಂದ ಚೂರು ತೆಗೆದು ಲ್ಯಾಬ್‌ಗೆ ಕಳಿಸಿದರೆ, ಪಕ್ಕದ ರೋಗವಿಲ್ಲದ ಗಟ್ಟಿ ಮರಕ್ಕಿಂತ ಎರಡು ಪಟ್ಟು ಸತು ಇದೆ ಅಂತ ವರದಿ ಬರಬಹುದು. ಮಣ್ಣೇ ವಿಷವಾಗಿದೆ ಅಂತ ಗಾಬರಿಯಾಗುವ ಮೊದಲು ಸ್ವಲ್ಪ ತಡೆಯಿರಿ. ಶಿಲೀಂಧ್ರ ಮರವನ್ನು ತಿಂದು ಅದರ ಇಂಗಾಲವನ್ನು ಗಾಳಿಗೆ ಬಿಡುತ್ತದೆ. ಸತು, ತಾಮ್ರ, ಸೀಸದಂಥ ಭಾರಲೋಹಗಳು ಹಾಗೆ ಗಾಳಿಗೆ ಹೋಗಲ್ಲ. ಉಪ್ಪುನೀರು ಬತ್ತಿದಷ್ಟೂ ಉಪ್ಪಾಗುತ್ತದೆ ಅಲ್ವಾ, ಹಾಗೆಯೇ ಇದು.

ಮೊದಲು ಮರ ಆರಿಸಿ. ಒಂದೇ ಜಾತಿ, ಹೆಚ್ಚುಕಮ್ಮಿ ಒಂದೇ ದಪ್ಪ, ಒಂದೇ ಮಣ್ಣು. ರೋಗ ಬಂದವು ಕೆಲವು, ಬರದವು ಕೆಲವು. ಬೋರ್ಡೋ ದ್ರಾವಣ (ಶಿಲೀಂಧ್ರನಾಶಕ) ಹೊಡೆದ ಮರವಾದರೆ ಮೊದಲೇ ಬರೆದಿಟ್ಟುಕೊಳ್ಳಿ. ಅದರಲ್ಲಿರುವುದೇ ತಾಮ್ರ, ತೊಗಟೆ ಮೇಲೂ ಬುಡದ ಮಣ್ಣಲ್ಲೂ ಅದು ಕೂತಿರುತ್ತದೆ.

ನೆಲದಿಂದ 1.3 ಮೀಟರ್ ಎತ್ತರದಲ್ಲಿ ಬೋರರ್ (ಮರ ಕೊರೆದು ಒಳಗಿನ ಕಡ್ಡಿ ತೆಗೆಯುವ ಟೊಳ್ಳು ಕೊಳವೆ) ಹಾಕಿ 5 ಮಿ.ಮೀ. ದಪ್ಪದ ಕಡ್ಡಿ ತೆಗೆಯಿರಿ. ತೊಗಟೆಯನ್ನು ಬೇರೆ ಮಾಡಿ, ಅದರ ಮೇಲೆ ಕೂತ ಧೂಳಲ್ಲೂ ಸೀಸ ಇರಬಹುದು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಬೋರರನ್ನು 70% ಆಲ್ಕೋಹಾಲ್‌ನಿಂದ ಒರೆಸಲೇಬೇಕು, ಇಲ್ಲದಿದ್ದರೆ ರೋಗವನ್ನು ನಾವೇ ಹಂಚಿದ ಹಾಗೆ. ತೂತು ಕೊರೆಯುವುದೂ ಮರಕ್ಕೆ ಗಾಯವೇ, ಹಾಗಾಗಿ ಸುಮ್ನೆ ನಾಲ್ಕೈದು ಕಡೆ ಕೊರೆಯಬೇಡಿ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ. ಕಡ್ಡಿ ಹಸಿಯಾಗಿರುವಾಗಲೇ ಉದ್ದ ಅಳೆಯಿರಿ, ಒಣಗಿದರೆ ಕುಗ್ಗುತ್ತದೆ. ಲಡ್ಡು ಭಾಗ ಬೆರಳಿಟ್ಟರೆ ಸಾಕು, ಒದ್ದೆ ಪುಡಿಯಾಗಿ ಉದುರುತ್ತದೆ. ಅದನ್ನೂ ಬಿಡದೆ ಸೇರಿಸಿ. 5 ಸೆಂ.ಮೀ. ಉದ್ದದ ಕಡ್ಡಿಯ ಗಾತ್ರ ಸುಮಾರು 1 ಘನ ಸೆಂ.ಮೀ. ಆಗುತ್ತದೆ, ಮುಂದಿನ ಲೆಕ್ಕಕ್ಕೆ ಇದು ಬೇಕು. ಆಮೇಲೆ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ತೂಗಿ. ಪಾದರಸ ನೋಡಬೇಕಿದ್ದರೆ ಮಾತ್ರ ಇಷ್ಟು ಬಿಸಿ ಬೇಡ, ಅದು ಹಾರಿಹೋಗುತ್ತದೆ. ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಳೆಯುವ ಕೆಲಸ ಲ್ಯಾಬ್‌ನವರದ್ದು, ಮನೆಯಲ್ಲಿ ಕೈ ಹಾಕಬೇಡಿ.

ವರದಿ ಬಂದ ಮೇಲೆ ಲೆಕ್ಕ. ಉದಾಹರಣೆಗೆ, ಗಟ್ಟಿ ಮರದ 1 ಘನ ಸೆಂ.ಮೀ. ತೂಕ 0.6 ಗ್ರಾಂ, ಸತು ಕಿಲೋಗೆ 20 ಮಿಲಿಗ್ರಾಂ ಅಂದುಕೊಳ್ಳಿ. ಕಿಲೋಗೆ 20 ಮಿಲಿಗ್ರಾಂ ಅಂದರೆ ಗ್ರಾಂಗೆ 20 ಮೈಕ್ರೋಗ್ರಾಂ, ಅದನ್ನು 0.6ರಿಂದ ಗುಣಿಸಿದರೆ 12 ಮೈಕ್ರೋಗ್ರಾಂ. ಲಡ್ಡು ಮರದ ಅಷ್ಟೇ ಭಾಗ 0.3 ಗ್ರಾಂ, ಸತು ಕಿಲೋಗೆ 40. ಗುಣಿಸಿ ನೋಡಿ, ಅದೂ 12! ವರದಿಯಲ್ಲಿ ಎರಡು ಪಟ್ಟು ಕಂಡರೂ ಹೊರಗಿನಿಂದ ಒಂದು ಚೂರೂ ಹೆಚ್ಚಾಗಿ ಬಂದಿಲ್ಲ. ಕಿಲೋಗೆ 90 ಅಂತ ಬಂದಿದ್ದರೆ 27 ಆಗುತ್ತಿತ್ತು, ಆಗ ನಿಜಕ್ಕೂ ಲೋಹ ಒಳಗೆ ಬಂದಿದೆ ಅಂತ ಅರ್ಥ. ಹಾಗೆ ಬರುವುದೂ ಉಂಟು. ಮಣ್ಣಿನಿಂದ ಹಬ್ಬಿದ ಶಿಲೀಂಧ್ರದ ಎಳೆಗಳು ಲೋಹ ಹೊತ್ತು ತರಬಹುದು, ಗಾಯದ ಸುತ್ತ ಮರವೇ ಖನಿಜ ತುಂಬಿಸಿಕೊಳ್ಳುವುದೂ ಇದೆ.

ಹೆಚ್ಚು ಬಂದಿದ್ದರೆ ಬುಡದ ಮಣ್ಣನ್ನೂ ಪರೀಕ್ಷೆಗೆ ಕೊಡಿ, ಪಿಎಚ್ (ಮಣ್ಣು ಎಷ್ಟು ಹುಳಿ ಅನ್ನುವ ಅಳತೆ) ಕೇಳಲು ಮರೆಯಬೇಡಿ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ, ಸತು ಬೇರಿಗೆ ಸುಲಭವಾಗಿ ಸಿಗುತ್ತವೆ.