ಎಪಾಕ್ಸಿ ಕೊಳ್ಳುವ ಮೊದಲು ಕಲಬುರಗಿಯ ಬಿಸಿಲು ಲೆಕ್ಕ ಹಾಕಿ

ಹೋದ ಮೇ ತಿಂಗಳು, ಮಧ್ಯಾಹ್ನ. ನಮ್ಮ ಪತ್ರಾಸ್ ಶೆಡ್ಡಿನಲ್ಲಿ ವಿಮಾನದ ಕೆಲಸಕ್ಕೆಂದು ಕಾಲು ಕಿಲೋ ಎಪಾಕ್ಸಿ (ರೆಸಿನ್ ಎಂಬ ಅಂಟಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಸೇರಿಸಿದ್ದು) ಬೆರೆಸಿಟ್ಟು, ಫೋನ್ ಬಂತೆಂದು ಹೊರಗೆ ಹೋದೆ. ಬರುವಷ್ಟರಲ್ಲಿ ಲೋಟ ಸೊಟ್ಟಗಾಗಿ ಹೊಗೆಯಾಡುತ್ತಿತ್ತು. ಒಳಗೆ ಹಳದಿ ಕಲ್ಲು! ಹಾರ್ಡನರ್ ಡಬ್ಬಿಯ ಮೇಲೆ 'ಫಾಸ್ಟ್' ಎಂದು ದಪ್ಪಗೆ ಬರೆದಿತ್ತು. ಓದಿದ್ದೆ, ತಲೆಗೆ ಹೋಗಿರಲಿಲ್ಲ.

ಬೀದರ್ ಆಕಾಶದಲ್ಲಿ ವಾಯುಪಡೆಯ ಸೂರ್ಯಕಿರಣ್ ತಂಡದ ಕಸರತ್ತು ನೋಡಿ ತಾವೇ ವಿಮಾನ ಕಟ್ಟುವ ಹುಚ್ಚು ಹಿಡಿದವರು ನಮ್ಮ ಕಡೆ ಕಮ್ಮಿ ಇಲ್ಲ. ಫೋಮ್ ಕತ್ತರಿಸಿ, ಮೇಲೆ ಗಾಜಿನ ಬಟ್ಟೆ ಹಾಸಿ, ಎಪಾಕ್ಸಿ ಕುಡಿಸಿ ರೆಕ್ಕೆ ಮಾಡುವ ದಾರಿಯನ್ನು ಜನಪ್ರಿಯ ಮಾಡಿದ್ದು ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್. ಮನೆಯಲ್ಲೇ ಕಟ್ಟಬಹುದಾದ ಅವರ ಪುಟ್ಟ ವಿಮಾನ ವೇರಿಈಝೀ ಮೊದಲು ಹಾರಿದ್ದು 1975ರಲ್ಲಿ. ನಮ್ಮಲ್ಲಿ ಇಂಥದ್ದು ಕಟ್ಟಲು, ಹಾರಿಸಲು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಿಗೆ ಬೇಕು. ಅದು ಬೇರೆಯೇ ಪುರಾಣ, ಇಲ್ಲಿ ಬರೀ ಅಂಟಿನ ಮಾತು.

ಮೊದಲು ನೀವು ಕಟ್ಟುತ್ತಿರುವ ವಿಮಾನದ ಕಿಟ್ಟಿನ ಕೈಪಿಡಿ ತೆಗೆಯಿರಿ. ಯಾವ ರೆಸಿನ್ ನಡೆಯುತ್ತದೆ ಎಂದು ಅದರಲ್ಲೇ ಇರುತ್ತದೆ. ಪಟ್ಟಿಯಲ್ಲಿಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ. ಪಾಲಿಸ್ಟೈರೀನ್ ಫೋಮ್ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿದರೆ ಫೋಮ್ ಕರಗಿಹೋಗುತ್ತದೆ. ಎಪಾಕ್ಸಿ ಹಾಗೆ ಮಾಡುವುದಿಲ್ಲ.

ಆಮೇಲೆ ಹಾರ್ಡನರ್. ಒಂದೇ ರೆಸಿನ್‌ಗೆ ಫಾಸ್ಟ್, ಸ್ಲೋ ಎಂದು ಎರಡು-ಮೂರು ಬಗೆ ಇರುತ್ತವೆ. ಕೆಲಸಕ್ಕೆ ಸಿಗುವ ಹೊತ್ತನ್ನು ಸಾಮಾನ್ಯವಾಗಿ 25 ಡಿಗ್ರಿಗೆ ಲೆಕ್ಕ ಹಾಕಿ ಬರೆದಿರುತ್ತಾರೆ. ಪ್ರತಿ 10 ಡಿಗ್ರಿ ಏರಿದರೆ ಆ ಹೊತ್ತು ಹೆಚ್ಚೂಕಮ್ಮಿ ಅರ್ಧವಾಗುತ್ತದೆ. ನಮ್ಮ ಬೇಸಿಗೆಯ 42 ಡಿಗ್ರಿಯಲ್ಲಿ ಏನಾಗುತ್ತದೆ, ನೀವೇ ಹೇಳಿ. ಇಲ್ಲಿಗೆ ಸ್ಲೋ ಸರಿ. ಸ್ವಲ್ಪ ಸ್ವಲ್ಪವೇ ಬೆರೆಸಿ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಲೋಟದಲ್ಲಿ ರಾಶಿಯಾಗಿದ್ದರೆ ತನ್ನ ಬಿಸಿಗೆ ತಾನೇ ಕುದಿಯುತ್ತದೆ. ಹೊತ್ತು ಮುಳುಗಿದ ಮೇಲೆ ಕೆಲಸ ಹಿಡಿಯುವುದು ಮೇಲು. ಬಿಸಿ ಏರುವ ಹೊತ್ತಲ್ಲಾದರೆ ಫೋಮಿನೊಳಗಿನ ಗಾಳಿ ಉಬ್ಬಿ ಬಟ್ಟೆಯಡಿ ಗುಳ್ಳೆ ಏಳುತ್ತದೆ.

ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕುವವರಿದ್ದಾರೆ. ಎಪಾಕ್ಸಿಯಲ್ಲಿ ಅದು ನಡೆಯುವುದಿಲ್ಲ, ಅಂಟು ಮೆತ್ತಗೇ ಉಳಿಯುತ್ತದೆ. ಎಂಜಿಎಸ್ ಎಲ್285 ಎಂಬ ರೆಸಿನ್‌ಗೆ ತೂಕದಲ್ಲಿ 100 ಗ್ರಾಂಗೆ 40 ಗ್ರಾಂ ಹಾರ್ಡನರ್ ಅಂದರೆ 40 ಗ್ರಾಮೇ. ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಕೈಗೆ ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಒಮ್ಮೆ ಅಲರ್ಜಿ ಹಿಡಿದರೆ ಆಮೇಲೆ ಎಪಾಕ್ಸಿ ಹತ್ತಿರವೂ ಸುಳಿಯಲಾಗದು.

ಇನ್ನು ಟಿಜಿ, ಅಂದರೆ ಗಟ್ಟಿಯಾದ ರೆಸಿನ್ ಮತ್ತೆ ಮೆತ್ತಗಾಗುವ ಬಿಸಿ. ಕೋಣೆಯಲ್ಲೇ ಒಣಗಿದ ಬಹಳಷ್ಟು ರೆಸಿನ್‌ಗಳಲ್ಲಿ ಇದು 50-60 ಡಿಗ್ರಿ ಆಸುಪಾಸು. ಬಿಸಿಲಲ್ಲಿ ನಿಂತ ಕಪ್ಪು ರೆಕ್ಕೆ ಅದನ್ನು ಸುಲಭವಾಗಿ ದಾಟುತ್ತದೆ. ಹೀಗೆ ಬಟ್ಟೆ-ರೆಸಿನ್‌ನಿಂದ ಕಟ್ಟಿದ ಕಾಂಪೊಸಿಟ್ ವಿಮಾನಗಳಿಗೆ ಬಿಳಿ ಬಣ್ಣ ಬಳಿಯುವುದು ಅದಕ್ಕೇ, ಚೆಂದಕ್ಕಲ್ಲ. ಕಟ್ಟಿದ ಮೇಲೆ ನಿಧಾನವಾಗಿ ಕಾಯಿಸಿದರೆ ಟಿಜಿ ಏರುತ್ತದೆ. ಆದರೆ ಫೋಮ್ ಎಷ್ಟು ತಡೆಯುತ್ತದೆ ಎಂದು ನೋಡಿಕೊಂಡೇ ಕಾಯಿಸಬೇಕು.

ಕೊನೆಗೆ ಒಂದು ಪರೀಕ್ಷೆ. ಕೈಯಗಲದ ಎರಡು ಫೋಮ್ ಪಟ್ಟಿಗೆ ಗಾಜಿನ ಬಟ್ಟೆ ಹಾಸಿ. ಪೂರ್ತಿ ಒಣಗಿದ ಮೇಲೆ ಒಂದನ್ನು ಕಾಯಿಸಿ, ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಇಟ್ಟಿಗೆಗಳ ನಡುವೆ ಸೇತುವೆಯಂತೆ ಇಟ್ಟು, ಮೇಲೆ ಶಹಾಬಾದ್ ಫರ್ಶಿಯ ಒಂದೊಂದು ತುಂಡು ಹೇರಿ, ಮಾಳಿಗೆಯ ಬಿಸಿಲಿಗೆ ಬಿಡಿ. ಮೂರು ಗಂಟೆಗೆ ನಾನು ಹೋಗಿ ನೋಡಿದಾಗ ಕಾಯಿಸದ ಪಟ್ಟಿ ಜೋಕಾಲಿಯಂತೆ ಜೋತಿತ್ತು. ಇನ್ನೊಂದು ಅಲುಗಿರಲಿಲ್ಲ.