5 ಕೆಜಿಯಿಂದ 50 ಕೆಜಿಗೆ: ಮನೆಮಂದಿಯ ತಿಂಡಿ ವ್ಯಾಪಾರ ಬೆಳೆಸುವುದು ಹೇಗೆ?

ಮನೆಯಲ್ಲಿ ಕರಿದ ತಿಂಡಿ ತಿಂದು ನಾಲ್ಕು ಜನ ‘ಇದನ್ನ ಮಾರಬಾರದಾ?’ ಅಂದರೆ ಸಾಕು, ಒಂದು ಕುಟುಂಬದ ಕಂಪನಿ ಹುಟ್ಟಿಬಿಡುತ್ತದೆ. ಕಷ್ಟ ಇರುವುದು ಆಮೇಲೆ. ಆರ್ಡರ್ ಜಾಸ್ತಿಯಾಗುತ್ತದೆ. ಅದೇ ಕೈ, ಅದೇ ಹಿಟ್ಟು, ಆದರೆ ತಿಂಡಿ ಮಾತ್ರ ಬೇರೆ. ಹೀಗೆ ಎಡವಿದ ಮೂರ್ನಾಲ್ಕು ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಎಲ್ಲರ ತಾಪತ್ರಯ ಶುರುವಾಗಿದ್ದು ದೊಡ್ಡ ಬಾಣಲೆ ತಂದ ದಿನ.

1. ಕೈಅಳತೆಯನ್ನು ತೂಕಕ್ಕೆ ಇಳಿಸಿ

ಅಮ್ಮನ ‘ಒಂದು ಹಿಡಿ’ ಅವರ ಕೈಗೆ ಮಾತ್ರ ಗೊತ್ತು. ಅವರು ಹಾಕುವಾಗ ಪಾತ್ರೆಯ ಕೆಳಗೆ ತಕ್ಕಡಿ ಇಡಿ. ಹತ್ತು ಸಲ ತೂಗಿ ಸರಾಸರಿ ತೆಗೆಯಿರಿ. ಎಲ್ಲವನ್ನೂ ಹಿಟ್ಟಿನ ತೂಕಕ್ಕೆ ಶೇಕಡಾ ಲೆಕ್ಕದಲ್ಲಿ ಬರೆಯಿರಿ: ಕೆಜಿ ಹಿಟ್ಟಿಗೆ 20 ಗ್ರಾಂ ಉಪ್ಪು ಅಂದರೆ ಶೇ 2. ನೀರನ್ನೂ ತೂಗಿ. ನೀರು ಬಿಟ್ಟು ಉಳಿದಿದ್ದನ್ನೆಲ್ಲ ತೂಗಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

2. ಎರಡೇ ತಿಂಡಿ ಇಟ್ಟುಕೊಳ್ಳಿ, ಆಹಾರ ಪರವಾನಗಿ ಮಾಡಿಸಿ

ಹನ್ನೆರಡು ಬಗೆ ಮಾಡುವ ಆಸೆ ಸದ್ಯಕ್ಕೆ ಬೇಡ.

3. ಬಾಣಲೆ ದೊಡ್ಡದು ಮಾಡುವುದು

ಇಲ್ಲಿ ನಿಧಾನವಾಗಿ ಓದಿ. ಹತ್ತು ಪಟ್ಟು ತಿಂಡಿ ಬೇಕು ಅಂತ ಹತ್ತು ಪಟ್ಟು ದೊಡ್ಡ ಬಾಣಲೆ ತರುತ್ತಾರೆ. ಒಲೆಯ ಉರಿ ಮಾತ್ರ ಎರಡು ಪಟ್ಟೂ ಆಗಿರುವುದಿಲ್ಲ. ಹಸಿ ಹಿಟ್ಟು ಎಣ್ಣೆಗೆ ಬಿದ್ದ ತಕ್ಷಣ ಅದರೊಳಗಿನ ನೀರು ಆವಿಯಾಗಲು ಶುರುವಾಗುತ್ತದೆ, ಎಣ್ಣೆಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. 175 ಡಿಗ್ರಿ ಇದ್ದ ಎಣ್ಣೆ 145ಕ್ಕೆ ಬಂದು ಕೂರುತ್ತದೆ. ಆಗ ತಿಂಡಿ ಕರಿಯುವುದಿಲ್ಲ, ಎಣ್ಣೆಯಲ್ಲಿ ನೆನೆಯುತ್ತದೆ. ಬಣ್ಣ ಬರಲಿಲ್ಲ ಅಂತ ಇನ್ನೂ ಹೊತ್ತು ಬಿಡುತ್ತೀರಿ, ಅದು ಇನ್ನೂ ಎಣ್ಣೆ ಕುಡಿಯುತ್ತದೆ. ಕೆಲವರು ಉರಿ ಏರಿಸುತ್ತಾರೆ. ಹೊರಗೆ ಕೆಂಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಅವತ್ತಿಗೆ ಗರಿಗರಿ ಅನ್ನಿಸಿದ್ದು ಮೂರನೇ ದಿನಕ್ಕೆ ಮೆತ್ತಗೆ.

ಹಾಗಾಗಿ ಒಂದು ಕೆಜಿ ಹಸಿ ಹಿಟ್ಟಿಗೆ ಕಡಿಮೆ ಅಂದರೂ ಆರು ಕೆಜಿ ಎಣ್ಣೆ ಇರಲಿ. ಹಾಕುವ ಮುಂಚೆ 175, ಹಾಕಿದ ಮೇಲೆ 160ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮುಂದಿನ ಸಲ ಕಡಿಮೆ ಹಾಕಿ, ಬೇರೆ ದಾರಿ ಇಲ್ಲ. ಗುಳ್ಳೆಗಳನ್ನು ನೋಡುತ್ತಿರಿ. ಮೊದಲು ಭೋರ್ ಅಂತ ಏಳುತ್ತವೆ, ನೀರು ಮುಗಿಯುತ್ತಾ ಬಂದ ಹಾಗೆ ಸದ್ದು ಸಣ್ಣದಾಗುತ್ತದೆ. ಸದ್ದು ಹೆಚ್ಚುಕಡಿಮೆ ನಿಂತಾಗ ತೆಗೆಯಿರಿ. ಬಣ್ಣವನ್ನೊಂದೇ ನಂಬಬೇಡಿ. ಹಿಟ್ಟಿನಲ್ಲಿ ಸಕ್ಕರೆ ಅಂಶ ಇದ್ದರೆ ಬಣ್ಣ ಬೇಗ ಬಂದುಬಿಡುತ್ತದೆ.

ಗನ್ ತರಹ ತೋರಿಸಿ ಬಿಸಿ ಅಳೆಯುವ ಯಂತ್ರ ಬೇಡ. ಅದು ಮೇಲ್ಮೈಯನ್ನಷ್ಟೇ ಓದುತ್ತದೆ, ಆವಿ ಅಡ್ಡ ಬಂದರೆ ಅದೂ ತಪ್ಪು. ಎಣ್ಣೆಯೊಳಗೆ ಅದ್ದುವ ಕಡ್ಡಿಯ ಥರ್ಮಾಮೀಟರ್ ತನ್ನಿ. ಇನ್ನು ನನ್ನ ಮಾತು ಕೇಳುವುದಾದರೆ ಒಂದು ದೊಡ್ಡ ಬಾಣಲೆ ಬದಲು ಎರಡು ಮಧ್ಯಮ ಬಾಣಲೆ, ಎರಡು ಒಲೆ ಇಟ್ಟುಕೊಳ್ಳಿ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ.

ಎಣ್ಣೆಯನ್ನು ದಿನಾ ಸೋಸಿ. ತಳದಲ್ಲಿ ಕಪ್ಪಾಗಿ ಕೂತ ಪುಡಿ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ನೊರೆ ಕಟ್ಟಿ ಅಂಟಂಟಾದ ಎಣ್ಣೆಗೆ ಹೊಸ ಎಣ್ಣೆ ಸುರಿಯುವ ಅಡ್ಡದಾರಿ ಎಲ್ಲರಿಗೂ ಗೊತ್ತಲ್ವಾ? ಅದರಿಂದ ಹಳೆಯದು ಸುಧಾರಿಸುವುದಿಲ್ಲ, ಹೊಸದೂ ಹಾಳಾಗುತ್ತದೆ. ಕರಿದ ಎಣ್ಣೆ ಕೆಡುತ್ತಾ ಹೋದ ಹಾಗೆ ಅದರಲ್ಲಿ ಹೆಚ್ಚುವ ಪೋಲಾರ್ ಅಂಶ ಅಳೆಯುವ ಮೀಟರ್ ಸಿಗುತ್ತದೆ. ಭಾರತದ ನಿಯಮದಲ್ಲಿ ಅದರ ಮಿತಿ ಶೇ 25. ಬೇರೆ ಹಲವು ದೇಶಗಳಲ್ಲೂ ಮಿತಿ ಅದರ ಆಸುಪಾಸಿನಲ್ಲೇ ಇದೆ.

4. ಬಸಿದು, ಆರಿಸಿ, ಕಟ್ಟುವುದು

ತಿಂಡಿ ಎಣ್ಣೆ ಹೀರುವುದರಲ್ಲಿ ದೊಡ್ಡ ಪಾಲು ಬಾಣಲೆಯಿಂದ ಎತ್ತಿದ ಮೇಲೆ. ಒಳಗಿನ ಆವಿ ತಣಿದು ಕುಗ್ಗುತ್ತದೆ, ಮೈಗೆ ಅಂಟಿದ ಎಣ್ಣೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಬಿಸಿ ಇರುವಾಗಲೇ ಜಾಲರಿಯಲ್ಲಿ ಚೆನ್ನಾಗಿ ಕೊಡವಿ. ಬುಟ್ಟಿಗೆ ರಾಶಿ ಸುರಿದು ‘ಆಮೇಲೆ ಬಸಿಯುತ್ತೆ’ ಅನ್ನಬೇಡಿ. ತೆಳ್ಳಗೆ ಹರಡಿ ಆರಿಸಿ. ಆರಿದ ಮೇಲೆ ತಡಮಾಡದೆ ಕಟ್ಟಿ. ಮಳೆಗಾಲದ ಗಾಳಿಯಲ್ಲಿ ಫ್ಯಾನ್ ಹಾಕಿ ರಾತ್ರಿಯಿಡೀ ಬಿಟ್ಟರೆ ತೇವವನ್ನು ನೀವೇ ಕರೆದು ಕೂರಿಸಿದ ಹಾಗೆ.

ಬೆಚ್ಚಗಿರುವಾಗಲೇ ಕಟ್ಟಿದ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಒಳಗೋಡೆಯಲ್ಲಿ ಸಣ್ಣ ಮಂಜು ಕಾಣುತ್ತದೆ. ಆ ಮಂಜೇ ನಾಳೆಯ ವಾಪಸ್ ಮಾಲು.

1926ರಲ್ಲಿ ಕ್ಯಾಲಿಫೋರ್ನಿಯಾದ ಲಾರಾ ಸ್ಕಡರ್ ತಮ್ಮ ಆಲೂಗಡ್ಡೆ ಚಿಪ್ಸ್‌ಗೆ ಮೇಣದ ಕಾಗದದ ಚೀಲ ಮಾಡಿಸಿದರು. ಕೆಲಸದ ಹೆಂಗಸರು ಹಾಳೆಗಳನ್ನು ಮನೆಗೆ ಒಯ್ದು, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಚೀಲ ಮಾಡಿ ತರುತ್ತಿದ್ದರು. ಅದಕ್ಕೂ ಮುಂಚೆ ಚಿಪ್ಸ್ ಪೀಪಾಯಿಯಲ್ಲಿ ಬರುತ್ತಿತ್ತು, ತಳದ ಪಾಲು ಸಿಕ್ಕವರಿಗೆ ಮೆತ್ತಗಿನ ಪುಡಿ. ಅವರ ಕಂಪನಿ ಬೆಳೆಯುವುದರಲ್ಲಿ ಈ ಚೀಲದ ಪಾಲು ದೊಡ್ಡದು. ನೀವು ತೆಳು ಪ್ಲಾಸ್ಟಿಕ್ ಕವರಿಗೆ ಮೇಣದಬತ್ತಿ ಹಿಡಿದು ಅಂಟಿಸಿದರೆ 1926ಕ್ಕಿಂತ ಹಿಂದೆ ಇದ್ದೀರಿ. ಹಲವು ಪದರದ ಫಿಲ್ಮ್ ಬಳಸಿ. ಅಂಟಿಸುವ ಜಾಗದಲ್ಲಿ ಒಂದು ಚೂರು ಪುಡಿ ಸಿಕ್ಕಿದ್ದರೂ ಸೀಲ್ ಸೋರುತ್ತದೆ. ಐವತ್ತಕ್ಕೊಂದು ಪ್ಯಾಕೆಟ್ಟನ್ನು ನೀರಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಬಂತೋ, ಯಂತ್ರ ನಿಲ್ಲಿಸಿ. ಪ್ಯಾಕೆಟ್ಟಿಗೆ ಗಾಳಿಯ ಬದಲು ನೈಟ್ರೋಜನ್ ತುಂಬುವ ಯಂತ್ರಕ್ಕೆ ಸಾಲ ಮಾಡುವ ಯೋಚನೆ ಇದೆಲ್ಲ ಸರಿಯಾದ ಮೇಲೆ. ಸೋರುವ ಸೀಲಿಗೂ ಕೆಟ್ಟ ಎಣ್ಣೆಗೂ ನೈಟ್ರೋಜನ್ ಮದ್ದಲ್ಲ.

5. ಪ್ರತಿ ಬಾರಿಯ ಮಾಲಿನಿಂದ ಆರು ಪ್ಯಾಕೆಟ್ ಎತ್ತಿಡಿ

ಹದಿನೈದು ದಿನಕ್ಕೊಂದು ಬಿಚ್ಚಿ. ಮೊದಲು ಮೂಗು, ಆಮೇಲೆ ನಾಲಿಗೆ. ಕಮಟು ವಾಸನೆ ಯಾವ ವಾರ ಬಂತು ಅಂತ ಬರೆದಿಟ್ಟು, ಅದಕ್ಕಿಂತ ಸಾಕಷ್ಟು ಮುಂಚಿನ ದಿನಾಂಕವನ್ನು ಪ್ಯಾಕೆಟ್ ಮೇಲೆ ಹಾಕಿ. ಪಕ್ಕದ ಕಂಪನಿಯ ಪ್ಯಾಕೆಟ್ ನೋಡಿ ದಿನಾಂಕ ಕಾಪಿ ಹೊಡೆಯಬೇಡಿ.

6. ಮನೆಯವರಿಗೂ ಸಂಬಳ ಹಾಕಿ

ಅತ್ತೆ ಸುಮ್ನೆ ಮಾಡಿಕೊಡುತ್ತಾರೆ ಅಂತ ಅವರ ಎಂಟು ಗಂಟೆಯನ್ನು ಲೆಕ್ಕದಿಂದ ಬಿಟ್ಟರೆ ನಿಮ್ಮ ದರವೇ ಸುಳ್ಳು. ಅವರು ಮಲಗಿದ ದಿನ ಕೂಲಿಗೆ ಜನ ಕರೆಸಿದಾಗ ಅದು ಗೊತ್ತಾಗುತ್ತದೆ. ಇನ್ನೊಂದು ವಿಷಯ: ಹಿಟ್ಟು, ಎಣ್ಣೆಗೆ ಇವತ್ತೇ ದುಡ್ಡು ಕೊಡಬೇಕು, ಅಂಗಡಿಯವರು ಕೊಡುವುದು 30–45 ದಿನ ಬಿಟ್ಟು. ಹಾಗಾಗಿ ಆರ್ಡರ್ ಎರಡರಷ್ಟಾದ ತಿಂಗಳೇ ಗಲ್ಲ ಖಾಲಿಯಾಗುತ್ತದೆ. ಆ ಅಂತರಕ್ಕೆ ಬೇಕಾದ ಹಣವನ್ನು ಮೊದಲೇ ತೆಗೆದಿಡಿ.

7. ಹೆಸರು ಯಾರದು ಅಂತ ಬರೆದುಕೊಳ್ಳಿ

ಹಲ್ದಿರಾಮ್ಸ್ ಶುರುವಾಗಿದ್ದು 1937ರಲ್ಲಿ, ಬಿಕಾನೇರದ ಒಂದು ಸಣ್ಣ ಅಂಗಡಿಯಲ್ಲಿ. ಅದನ್ನು ಶುರುಮಾಡಿದ ಗಂಗಾ ಬಿಶನ್ ಅಗರ್‌ವಾಲ್ ಅವರ ಸಂಸಾರ ಆಮೇಲೆ ಕೋಲ್ಕತ್ತಾ, ನಾಗ್ಪುರ, ದೆಹಲಿ ಅಂತ ಕವಲೊಡೆಯಿತು. ದೆಹಲಿ ಮತ್ತು ಕೋಲ್ಕತ್ತಾ ಶಾಖೆಗಳು ಅದೇ ಹೆಸರಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆದವು. ದೆಹಲಿ, ನಾಗ್ಪುರ ಶಾಖೆಗಳ ಪ್ಯಾಕೆಟ್ ತಿಂಡಿ ವ್ಯಾಪಾರ ಒಂದಾಗಿದ್ದು 2025ರಲ್ಲಿ.

ನಿಮ್ಮ ಕಾಗದದಲ್ಲಿ ಮೂರು ಸಾಲು ಇದ್ದರೆ ಸದ್ಯಕ್ಕೆ ಸಾಕು: ಹೆಸರು ಯಾರ ಸ್ವತ್ತು, ಬಿಟ್ಟು ಹೋಗುವವರಿಗೆ ಏನು ಸಿಗುತ್ತದೆ, ಅವರು ಅದೇ ಹೆಸರಲ್ಲಿ ಬೇರೆ ಕಡೆ ಮಾರಬಹುದಾ. ಅಣ್ಣ ತಮ್ಮ ಇನ್ನೂ ಜೊತೆಗೆ ಕೂತು ಊಟ ಮಾಡುತ್ತಿರುವಾಗಲೇ ವಕೀಲರ ಹತ್ತಿರ ಹೋಗಿ ಬರೆಸಿ. ಹೋಗುವಾಗ ಅವರಿಗೂ ಒಂದು ಪ್ಯಾಕೆಟ್ ಒಯ್ಯಿರಿ, ಆರಿದ ಮೇಲೆ ಕಟ್ಟಿದ್ದು.