ಹವ್ರೂತಾ: ಇಬ್ಬರು ಕೂತು ಜಗಳಾಡುತ್ತ ಓದುವ ಕ್ರಮ

ಯಹೂದಿಗಳ ಪಾಠಶಾಲೆ ಯೆಶಿವಾದಲ್ಲಿ ಮೌನ ಸಿಗುವುದಿಲ್ಲ. ಇಬ್ಬಿಬ್ಬರು ಎದುರುಬದುರು ಕೂತು ಧರ್ಮವಿಧಿಗಳೂ ಅವುಗಳ ಮೇಲಿನ ಚರ್ಚೆಯೂ ಇರುವ ತಾಲ್ಮುದ್ ಗ್ರಂಥವನ್ನು ಗಟ್ಟಿಯಾಗಿ ಓದುತ್ತ ವಾದಿಸುತ್ತಾರೆ. ಆ ಜೋಡಿಯೇ ಹವ್ರೂತಾ. ಗುರುವಿನ ಪಾಠ ಆಮೇಲೆ. ಕಲಬುರಗಿಯಲ್ಲಿ ಇದನ್ನು ಮಾಡಲು ಮೊದಲು ಜಾಗ ನೋಡಿಕೊಳ್ಳಿ. ಪರೀಕ್ಷೆಗೆ ಓದುವವರಿಂದ ತುಂಬಿದ ರೀಡಿಂಗ್ ರೂಮಿನಿಂದ ಐದೇ ನಿಮಿಷಕ್ಕೆ ಎಬ್ಬಿಸುತ್ತಾರೆ! ಅಪ್ಪನ ಕೆರೆ ದಂಡೆ ವಾಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ.

ಪಾಠ ನಾಲ್ಕೈದು ಸಾಲು ಸಾಕು. ಶುರುವಿಗೆ ತಾಲ್ಮುದ್‌ನ ಬಾವಾ ಮೆತ್ಸಿಯಾ ಭಾಗದ ಮೊದಲ ವಿಧಿ ಚೆನ್ನ. ಬಸ್‌ಸ್ಟ್ಯಾಂಡಿನಲ್ಲಿ ಬಿದ್ದ ಶಲ್ಯವೊಂದನ್ನು ಇಬ್ಬರು ಹಿಡಿದು ನಿಂತಿದ್ದಾರೆ ಅಂದುಕೊಳ್ಳಿ. ಇಬ್ಬರೂ "ಪೂರ್ತಿ ನನ್ನದು" ಅಂದರೆ, ತನ್ನ ಪಾಲು ಅರ್ಧಕ್ಕಿಂತ ಕಡಿಮೆಯಿಲ್ಲ ಎಂದು ಆಣೆ ಮಾಡಿ ಸಮ ಹಂಚಿಕೊಳ್ಳಬೇಕು. ಒಬ್ಬ ಪೂರ್ತಿ, ಇನ್ನೊಬ್ಬ ಅರ್ಧ ಕೇಳಿದರೆ ಮೊದಲಿನವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಯಾಕೆ?

ಒಬ್ಬ ಓದಬೇಕು, ಇನ್ನೊಬ್ಬ ತನ್ನ ಮಾತಿನಲ್ಲಿ ಅರ್ಥ ಹೇಳಬೇಕು, ಓದಿದವ ಆಕ್ಷೇಪ ಎತ್ತಬೇಕು. ಆಕ್ಷೇಪಕ್ಕೆ ಒಂದೇ ಷರತ್ತು: "ಎಲ್ಲ್ಯದ, ತೋರ್ಸು" ಅಂದಾಗ ಸಾಲಿನ ಮೇಲೆ ಬೆರಳಿಡಬೇಕು. ಅರ್ಧ ಕೇಳಿದವನು ಉಳಿದ ಅರ್ಧವನ್ನು ಆಗಲೇ ಬಿಟ್ಟುಕೊಟ್ಟಿದ್ದಾನೆ, ತಂಟೆ ಇರುವುದು ಇನ್ನರ್ಧಕ್ಕೆ ಮಾತ್ರ ಎಂಬುದು ತಾವಾಗಿಯೇ ಹೊಳೆಯಬೇಕು. ಇಬ್ಬರೂ ಪೂರ್ತಿ ಕೇಳಿದಾಗ ಅರ್ಧಕ್ಕೆ ಮಾತ್ರ ಆಣೆ ಮಾಡುವುದೇಕೆ ಎಂಬ ಪ್ರಶ್ನೆ ಏಳದಿದ್ದರೆ ಓದು ತೆಳುವಾಗಿದೆ ಎಂದೇ ಅರ್ಥ.

ಇಪ್ಪತ್ತು ನಿಮಿಷ ವ್ಯಾಖ್ಯಾನ ಮುಟ್ಟಬೇಡಿ. ಆಮೇಲೆ ಹಾಳೆ ನೋಡಿ: ನಡುವೆ ಮೂಲ, ಹೊಲಿಗೆಯ ಕಡೆ ರಾಶಿ ಎಂಬ ಪಂಡಿತ (1040–1105) ಬರೆದ ಟೀಕೆ, ಹೊರಬದಿಗೆ ಅವನನ್ನೇ ಪ್ರಶ್ನಿಸುವ, ಆಮೇಲಿನ ಪಂಡಿತರ ಟಿಪ್ಪಣಿ ತೋಸಾಫೋತ್. ಹಾಳೆಯ ಎಣಿಕೆ 2ರಿಂದ ಶುರುವಾಗುತ್ತದೆ; ಮೊದಲ ಹಾಳೆ ಹರಿದುಹೋಗಿದೆ ಎಂದು ಗಾಬರಿಯಾಗಬೇಡಿ.

ಕೆಡುವುದು ಹೆಚ್ಚಾಗಿ ಬೇಗ ಒಪ್ಪಿಕೊಳ್ಳುವುದರಿಂದ. ತಾಲ್ಮುದ್‌ನಲ್ಲಿ ಬರುವ ರಬ್ಬಿ (ಧರ್ಮಗುರು) ಯೋಹನಾನ್‌ಗೆ, ಓದಿನ ಜೊತೆಗಾರ ರೇಶ್ ಲಾಕಿಶ್ ತೀರಿದ ಮೇಲೆ ಸಿಕ್ಕ ಹೊಸ ಜೊತೆಗಾರ ಪ್ರತಿ ಮಾತಿಗೂ ಬೆಂಬಲದ ಆಧಾರ ಕೊಡುತ್ತಿದ್ದ. ರೇಶ್ ಲಾಕಿಶ್ ಆದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ಬಿಚ್ಚಿಕೊಳ್ಳುತ್ತಿತ್ತು ಎಂದು ಯೋಹನಾನ್ ಹಲುಬಿದನಂತೆ. ಹೂಂಗುಟ್ಟುವ ಜೋಡಿಯಾದರೆ ಪಕ್ಷ ಅದಲುಬದಲು ಮಾಡಿ, ಎದುರಾಳಿಯ ವಾದವನ್ನು ಮೊದಲು ಹೇಳಿ. ಒಬ್ಬ ಚುರುಕು, ಒಬ್ಬ ನಿಧಾನವಾದರೆ ಅರ್ಥ ಹೇಳುವ ಕೆಲಸ ನಿಧಾನದವನಿಗಿರಲಿ.

ಮರುದಿನ ಪುಸ್ತಕ ಬಿಚ್ಚುವ ಮುಂಚೆ ನಿನ್ನೆಯದನ್ನು ಬಾಯಲ್ಲಿ ಹೇಳಿ. ತಡವರಿಸಿದ ಸಾಲಿನಿಂದಲೇ ಇವತ್ತಿನ ಓದು.